ಒಂದನೇ ನಂಬರಿನ ಕ್ಯಾಮರಾ

ಗಾಜಿನ ಬೀರುವಿನಲ್ಲಿ ಹನ್ನೆರಡು ಕ್ಯಾಮರಾಗಳಿರಬೇಕಿತ್ತು. ಹನ್ನೊಂದೇ ಇದ್ದವು.

ಕಾರ್ಖಾನೆಯ ಒಡತಿ ಬೀಗದ ಕೈ ಹಿಡಿದುಕೊಂಡೇ ನಿಂತುಬಿಟ್ಟಳು. ಮೇಲಿನ ಸಾಲಿನ ಮೊದಲ ಜಾಗ ಖಾಲಿ. ಮಖಮಲ್ಲಿನ ಮೇಲೆ ಕ್ಯಾಮರಾ ಕೂತಿದ್ದ ತಗ್ಗು ಮಾತ್ರ ಉಳಿದಿತ್ತು. ಬೀಗ ಒಡೆದಿಲ್ಲ, ಗಾಜು ಬಿರಿದಿಲ್ಲ. ಬೆಳ್ಳಿಯ ಮೈ, ಕರಿಮರದ ಹಿಡಿಕೆ, ಕ್ಲಿಕ್ ಗುಂಡಿಯ ಮೇಲೆ ಕೆಂಪು ಅರಗಿನ ಮುದ್ರೆ — ಉಳಿದ ಹನ್ನೊಂದೂ ತಮಗೇನೂ ಗೊತ್ತಿಲ್ಲ ಎಂಬಂತೆ ಕೂತಿದ್ದವು.

ಹೋದದ್ದು ಒಂದನೇ ನಂಬರಿನದು. ಮಧ್ಯಾಹ್ನ ಕೆಳಗಿನ ಸಭಾಂಗಣದಲ್ಲಿ, ಪತ್ರಿಕೆಯವರ ಎದುರು, ಅದನ್ನು ಕೊಂಡ ಹಿರಿಯರೊಬ್ಬರ ಕೈಗೆ ಒಪ್ಪಿಸಬೇಕಾಗಿತ್ತು.

ಆ ಹನ್ನೆರಡರ ಮೇಲೆ ಅವಳು ಇಡೀ ಕಾರ್ಖಾನೆಯನ್ನೇ ಪಣಕ್ಕಿಟ್ಟಿದ್ದಳು. ಅಪ್ಪನ ಕಾಲದಿಂದ ಅಲ್ಲಿ ತಯಾರಾಗುತ್ತಿದ್ದುದು ಸಾದಾ ಕ್ಯಾಮರಾ. ಮದುವೆಗಳಲ್ಲಿ ಬೆವರು ಹರಿಸುವವರು, ಪತ್ರಿಕೆಗಾಗಿ ಓಡಾಡುವವರು ಕೊರಳಿಗೆ ಹಾಕಿಕೊಂಡು ಸವೆಸುವಂಥದ್ದು. ವರ್ಷದಿಂದ ವರ್ಷಕ್ಕೆ ಅದರ ವ್ಯಾಪಾರ ಸೊರಗುತ್ತ ಬಂದಾಗ ಅವಳು ಗಟ್ಟಿ ಮನಸ್ಸು ಮಾಡಿದಳು. ಸಾದಾ ಕ್ಯಾಮರಾ ನಿಲ್ಲಿಸುವುದು. ಹನ್ನೆರಡೇ ಹನ್ನೆರಡು ಮಾಡಿ, ನಂಬರು ಕೆತ್ತಿ, ಸಿರಿವಂತರಿಗೆ ಮಾರುವುದು. ಅವುಗಳ ಚಂದವನ್ನೆಲ್ಲ ರೂಪಿಸಿದವನು ಅವಳ ತಮ್ಮ. ಜೋಡಣೆಯ ವಿಭಾಗವೂ ಅವನದೇ.

ತಮ್ಮ ಓಡಿಬಂದ. ಖಾಲಿ ಜಾಗ ನೋಡಿ ಮುಖ ಬಿಳಿಚಿಕೊಂಡಿತು.

"ಪೊಲೀಸರಿಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ ಅಕ್ಕ," ಎಂದ. "ಕಾರ್ಯಕ್ರಮ ಮುಂದಕ್ಕೆ ಹಾಕಿಬಿಡು. ಇನ್ನು ಆ ಹಿರಿಯರು ವೇದಿಕೆ ಮೇಲೆ ಯಾವುದರಲ್ಲಿ ಫೋಟೋ ತೆಗೀತಾರೆ?"

ಮುಂದಕ್ಕೆ ಹಾಕುವ ಮಾತೇ ಇಲ್ಲ ಎಂದಳು ಅವಳು. ಅತಿಥಿಗಳು ಆಗಲೇ ಹೊರಟಿರುತ್ತಾರೆ. ಪೊಲೀಸರ ಬದಲು ವಿಮಾ ಕಂಪನಿಗೆ ಫೋನು ಮಾಡಿದಳು.

ಕಂಪನಿ ಕಳಿಸಿದ ತನಿಖಾಧಿಕಾರಿ ದಪ್ಪ ಕನ್ನಡಕದ, ಮೆದು ಮಾತಿನ ಹೆಂಗಸು. ಮೊದಲು ಪೊಲೀಸಿನಲ್ಲಿದ್ದವಳಂತೆ. ಬೀರುವಿನ ಮುಂದೆ ಬಹಳ ಹೊತ್ತು ನಿಂತಳು. ಎರಡನೇ ಬೀಗದ ಕೈ ಎಲ್ಲಿರುತ್ತದೆ ಎಂದು ಕೇಳಿದಳು. ಜೋಡಣೆಯ ಕೋಣೆಯ ಮೇಜಿನ ಖಾನೆಯಲ್ಲಿ. ಅದು ಗೊತ್ತಿದ್ದದ್ದು ಯಾರಿಗೆ? ತಮ್ಮನಿಗೆ, ಮತ್ತು ಹಿರಿಯ ಮೆಕ್ಯಾನಿಕ್‌ಗೆ.

ಮೆಕ್ಯಾನಿಕ್‌ನ ಮಾತು ಬಂದದ್ದೇ ಒಡತಿಯ ಅನುಮಾನ ಗಟ್ಟಿಯಾಯಿತು. ಸದಾ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡಿರುವ ಆತನನ್ನು ಎಲ್ಲರೂ ಕರೆಯುತ್ತಿದ್ದುದು ಭೂತಗನ್ನಡಿ ಎಂದು. ಸಾದಾ ಕ್ಯಾಮರಾ ನಿಂತಾಗಿನಿಂದ ಆತನ ಮುಖದಲ್ಲಿ ಗೆಲುವಿರಲಿಲ್ಲ. ಕಳೆದ ವಾರ ಊಟದ ಕೋಣೆಯಲ್ಲಿ, ಕಪಾಟಿನಲ್ಲಿ ಕೂರಿಸುವುದಕ್ಕೆ ಕ್ಯಾಮರಾ ಯಾಕೆ, ಬೊಂಬೆ ಸಾಲದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ತಿಂಗಳ ಕೊನೆಗೆ ಆತನ ಕೆಲಸವೂ ಮುಗಿಯುವುದಿತ್ತು.

ಆತನನ್ನು ಕರೆಸಿದರು. ತನಿಖಾಧಿಕಾರಿ ಬಾಯಿ ತೆರೆಯುವ ಮೊದಲೇ ಒಡತಿ ಮುಂದೆ ಬಂದಳು.

"ಹೊಟ್ಟೆಕಿಚ್ಚಿಗೆ ತೆಗೆದ್ರಾ? ಎಲ್ಲಿಟ್ಟಿದ್ದೀರಿ ಹೇಳಿಬಿಡಿ. ನಾನು ಯಾರಿಗೂ ಹೇಳಲ್ಲ."

ಭೂತಗನ್ನಡಿ ಕಣ್ಣಿನ ಮಸೂರ ತೆಗೆದು ಕಿಸೆಗೆ ಹಾಕಿಕೊಂಡ. ಅವಳು ಲಂಗ ಹಾಕಿಕೊಂಡು ಆ ಕೋಣೆಗಳಲ್ಲಿ ಆಡುತ್ತಿದ್ದ ದಿನಗಳಿಂದ ಆತ ಅಲ್ಲಿದ್ದವನು.

"ನನ್ನ ಚೀಲ ಕೆಳಗಿದೆ. ಮನೆ ಬೀಗದ ಕೈಯೂ ಅದರಲ್ಲೇ ಇದೆ," ಎಂದ. "ಎರಡನ್ನೂ ನೋಡ್ಕೊಳ್ಳಿ."

ಅಷ್ಟೇ. ಆಮೇಲೆ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ತನಿಖಾಧಿಕಾರಿ ಚೀಲ ನೋಡಲಿಲ್ಲ. ಈಚೆಗೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದಳು. ಅರ್ಧಕ್ಕೆ ನಿಂತಿದ್ದ ಸಾದಾ ಕ್ಯಾಮರಾಗಳನ್ನು ಮುಗಿಸುತ್ತಿದ್ದೆ ಎಂದ ಆತ. ಬಹಳ ದಿನದಿಂದ ಕಾಯುತ್ತಿದ್ದ ಫೋಟೋಗ್ರಾಫರುಗಳಿಗೆ ಅವು ಹೋಗಬೇಕಿತ್ತು. ಗುಂಡಿ ಒತ್ತಿದಾಗ ತೆರೆದು ಮುಚ್ಚುವ ಶಟರ್ ಇಲ್ಲದೆ ಕೆಲಸ ನಿಂತಿತ್ತು. ಹಳೆಯ ದಾಸ್ತಾನಿನಲ್ಲಿ ಸಿಕ್ಕವು ಎಂದು ಚಿಕ್ಕ ಯಜಮಾನರು, ಒಡತಿಯ ತಮ್ಮ, ತಂದುಕೊಟ್ಟರು.

"ಹಳೇವಾ?"

"ಅವರು ಹಾಗಂದ್ರು. ನೋಡೋಕೆ ಹೊಸದರ ಹಾಗಿದ್ದವು. ಜೋಪಾನವಾಗಿ ಇಟ್ಟಿದ್ದಿರಬಹುದು ಅಂದ್ಕೊಂಡೆ."

ಒಡತಿಗೆ ಈ ಮಾತುಕತೆಯ ತಲೆಬುಡ ತಿಳಿಯಲಿಲ್ಲ. ಕೆಳಗೆ ಕಾರಿನ ಬಾಗಿಲುಗಳು ಮುಚ್ಚುವ ಸದ್ದು. ಯಾರೋ ಮೈಕು ತಟ್ಟಿ ನೋಡುತ್ತಿದ್ದರು.

ತನಿಖಾಧಿಕಾರಿ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದಳು. ಕಾವಲುಗಾರನನ್ನೂ ವಿಚಾರಿಸಿಕೊಂಡು ಬಂದಳು. ನಿನ್ನೆಯಿಂದ ತಪಾಸಣೆಯಿಲ್ಲದೆ ಒಂದು ಚೀಲವೂ ಗೇಟು ದಾಟಿಲ್ಲವಂತೆ. ಬಂದವಳು ಬೀರುವಿನತ್ತ ಕೈ ತೋರಿಸಿದಳು.

"ಎರಡನೇ ನಂಬರಿನದನ್ನು ಕೊಡ್ತೀರಾ? ಒಂದು ಫೋಟೋ ತೆಗೆದು ನೋಡ್ತೀನಿ."

"ಅದು ಸಾಧ್ಯವಿಲ್ಲ," ಎಂದ ತಮ್ಮ ಥಟ್ಟನೆ. "ಅರಗು ಒಡೆಯೋ ಹಾಗಿಲ್ಲ. ಮೊದಲ ಕ್ಲಿಕ್ಕು ಕೊಂಡವರದೇ ಅಂತ ಮಾತು ಕೊಟ್ಟಿದ್ದೀವಿ."

"ಆ ಮುದ್ರೆಯ ಯೋಚನೆ ಯಾರದು?"

"ಇವನದೇ," ಎಂದಳು ಅಕ್ಕ. ಹಾಗೆ ಹೇಳುವಾಗ ಅವಳ ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು.

ತನಿಖಾಧಿಕಾರಿ ಕುರ್ಚಿ ಎಳೆದುಕೊಂಡು ಕೂತಳು.

"ಕಳ್ಳ ಒಂದನೇ ನಂಬರಿನದನ್ನೇ ಯಾಕೆ ತೆಗೆದ? ಎಲ್ಲಕ್ಕಿಂತ ಹೆಚ್ಚಿನದು ಅಂತ ನೀವು ಅಂದ್ಕೊಂಡ್ರಿ. ಆದ್ರೆ ಮಾರೋಕೆ ಹೊರಟವನು ಪೇಪರಿನಲ್ಲೆಲ್ಲ ಫೋಟೋ ಬಂದಿರೋದನ್ನು ಮುಟ್ಟಲ್ಲ. ಸಿಟ್ಟಿಗೆ ತೆಗೆಯೋನು ಹನ್ನೊಂದನ್ನು ಬಿಟ್ಟು ಹೋಗಲ್ಲ. ಬೀರು ಹೇಗೂ ತೆರೆದಾಗಿತ್ತಲ್ಲ. ಹಾಗಾದ್ರೆ ಈ ಒಂದಕ್ಕೂ ಉಳಿದ ಹನ್ನೊಂದಕ್ಕೂ ಏನು ವ್ಯತ್ಯಾಸ?"

ಅವಳು ಮೇಲಿನ ಸಾಲಿನ ಖಾಲಿ ಜಾಗದತ್ತ ಬೆರಳು ಮಾಡಿದಳು.

"ಇವತ್ತು ಕ್ಲಿಕ್ ಆಗಬೇಕಾಗಿದ್ದದ್ದು ಅದೊಂದೇ."

ಒಡತಿ ತಲೆ ಅಲ್ಲಾಡಿಸಿದಳು. ಇವತ್ತು ಯಾರೂ ಕ್ಲಿಕ್ ಮಾಡುವುದಿಲ್ಲ. ಮುದ್ರೆ ಹಾಕಿದ್ದನ್ನು ಪೆಟ್ಟಿಗೆ ಸಮೇತ ಕೊಡುವುದಷ್ಟೇ ಕಾರ್ಯಕ್ರಮ ಎಂದಳು.

"ನಿಮಗೆ ಗೊತ್ತಿರೋದು ಅಷ್ಟೇ. ಕೊಂಡ ಹಿರಿಯರ ಜೊತೆ ಈಗ ಮಾತಾಡಿದೆ. ವೇದಿಕೆ ಮೇಲೇ ಮುದ್ರೆ ಒಡೆದು ತಮ್ಮ ಹೆಂಡತಿ ಫೋಟೋ ತೆಗೀಬೇಕು ಅಂತ ಅವರಿಗೆ ಆಸೆ. ನಿನ್ನೆ ಸಂಜೆ ಇಲ್ಲಿಗೆ ಫೋನು ಮಾಡಿ ಹೇಳಿದ್ರಂತೆ. ನೀವು ಸಭಾಂಗಣದಲ್ಲಿದ್ರಿ. ಫೋನು ತಗೊಂಡವರು ನಿಮ್ಮ ತಮ್ಮ."

ಒಡತಿ ತಮ್ಮನ ಕಡೆ ತಿರುಗಿದಳು. ಯಾವುದರಲ್ಲಿ ಫೋಟೋ ತೆಗೀತಾರೆ — ಬೆಳಿಗ್ಗೆ ತಮ್ಮ ಆಡಿದ ಮಾತು. ಗಾಬರಿಯಲ್ಲಿ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು.

ಅವಳೇ ಎದ್ದು ಹೋಗಿ ಎರಡನೇ ನಂಬರಿನ ಕ್ಯಾಮರಾ ತೆಗೆದಳು. ಉಗುರಿನಿಂದ ಅರಗು ಕಿತ್ತಳು. ತಮ್ಮ ತಡೆಯಲಿಲ್ಲ. ಗುಂಡಿ ಒತ್ತಿದಳು.

ಸದ್ದಿಲ್ಲ. ಮತ್ತೆ ಒತ್ತಿದಳು. ಗುಂಡಿ ಮೆತ್ತಗೆ ಒಳಗೆ ಹೋಗಿ ಮೇಲೆ ಬಂತು, ಅಷ್ಟೇ. ಭೂತಗನ್ನಡಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಹಿಂಬದಿ ಬಿಚ್ಚಿ, ಬೆಳಕಿಗೆ ಹಿಡಿದ. ಶಟರ್ ಇರಬೇಕಾದ ಜಾಗ ಬಟಾಬಯಲು.

"ಹನ್ನೆರಡರಿಂದಲೂ ಶಟರ್ ತೆಗೆದಿದ್ದಾರೆ ನಿಮ್ಮ ತಮ್ಮ," ಎಂದಳು ತನಿಖಾಧಿಕಾರಿ. "ಸಾದಾ ಕ್ಯಾಮರಾಗಳಿಗೆ ಹೋಗಿದ್ದು ಅವೇ. ಯಾರೂ ಒತ್ತಿ ನೋಡಬಾರದು ಅಂತ ಮುದ್ರೆ. ಒಬ್ಬರು ಒತ್ತೋಕೆ ಹೊರಟಾಗ ಆ ಕ್ಯಾಮರಾನೇ ಮಾಯ."

ತಮ್ಮ ಗೋಡೆಗೆ ಒರಗಿದ.

"ನೀನು ಸಾದಾ ಕ್ಯಾಮರಾ ನಿಲ್ಲಿಸಿದೆ ಅಕ್ಕ. ಕಾಯ್ತಿದ್ದವರು ದಿನಾ ಗೇಟಿಗೆ ಬಂದು ನಿಲ್ತಿದ್ರು. ಕ್ಯಾಮರಾ ಇಲ್ಲದೆ ಅವರ ಕೈಯೇ ಕಟ್ಟಿಹೋಗಿತ್ತು. ಇವನ್ನ ಕೊಂಡೋರು ಯಾರೂ ಪೆಟ್ಟಿಗೆ ಬಿಚ್ಚಲ್ಲ ಅಂತ ನೀನೇ ನಗ್ತಾ ಹೇಳಿದ್ದೆ. ಹೊಸ ಶಟರ್ ಬಂದ ಮೇಲೆ ಹಾಕಿಬಿಡೋಣ ಅಂದ್ಕೊಂಡೆ. ಬರಲಿಲ್ಲ."

"ಇವರ ಮೇಲೆ ಕಳ್ಳತನ ಹೊರಿಸ್ದಾಗಲೂ ಸುಮ್ನೆ ನಿಂತಿದ್ಯಲ್ಲೋ."

ಒಂದನೇ ನಂಬರಿನದು ಜೋಡಣೆಯ ಕೋಣೆಯಲ್ಲಿ, ಸಾದಾ ಕ್ಯಾಮರಾದ ರಟ್ಟಿನ ಡಬ್ಬಿಯೊಳಗಿದೆ ಎಂದಷ್ಟೇ ಹೇಳಿದ ತಮ್ಮ.

ಒಡತಿ ಭೂತಗನ್ನಡಿಯ ಎದುರು ನಿಂತು ಕೈ ಮುಗಿದಳು. ತಪ್ಪಾಯಿತು ಎಂದಳು. ಆತ ಕ್ಯಾಮರಾದ ಹಿಂಬದಿ ಮುಚ್ಚಿ, ಜೋಪಾನವಾಗಿ ಮೇಜಿನ ಮೇಲಿಟ್ಟ.

ತಮ್ಮನನ್ನೂ ಕರೆದುಕೊಂಡು ಅವಳು ಕೆಳಗಿಳಿದಳು. ವೇದಿಕೆಯ ಪಕ್ಕದ ಕೋಣೆಯಲ್ಲಿ ಹಿರಿಯರೂ ಅವರ ಹೆಂಡತಿಯೂ ಕೂತಿದ್ದರು. ಅವರೆದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಮ್ಮ ಮಾಡಿದ್ದನ್ನೂ, ಅವನಿಗೆ ಆ ದಾರಿ ತೋರಿಸಿದ ತನ್ನ ಮಾತನ್ನೂ. ಇದನ್ನೇ ಈಗ ಎಲ್ಲರೆದುರು ಹೇಳಲಿದ್ದೇನೆ, ನಿಮಗೆ ಮೊದಲು ತಿಳಿಯಲಿ ಎಂದು ಬಂದೆ ಎಂದಳು.

ಹಿರಿಯರ ಮುಖ ಕೆಂಪಾಗಿತ್ತು.

"ಉಳಿದ ಹನ್ನೊಂದನ್ನು ಕೊಂಡವರಲ್ಲಿ ಫೋಟೋ ತೆಗೀತೀನಿ ಅಂದವರು ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

"ಯಾರೂ ಇಲ್ಲ," ಎಂದಳು.

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಕಾರ್ಯಕ್ರಮಕ್ಕೆಂದು ಕೂದಲು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದರು.

"ನನಗೆ ಬೆಳ್ಳಿ ಬೇಡಮ್ಮ," ಎಂದರು ಹಿರಿಯರು. "ಫೋಟೋ ಬರೋ ಕ್ಯಾಮರಾ ಒಂದು ತರಿಸಿ."