ಗಾಜಿನ ಮೇಲಿನ ಕೆಂಪು ಬೊಟ್ಟು

ರಮ್ಯ ಓಡಿ ಬಂದಾಗ ಮಹದೇವು ಇನ್ನೂ ಕಚೇರಿಯ ಬೀಗ ತೆಗೆಯುತ್ತಿದ್ದ. ಕೊಳ್ಳೇಗಾಲದ ಆ ಡ್ರೈವಿಂಗ್ ಸ್ಕೂಲಿನಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಟೆಸ್ಟಿನಲ್ಲಿ ಫೇಲಾದವರ ಅಳು ಅವನಿಗೆ ಚೆನ್ನಾಗಿ ಗೊತ್ತು. ಇದು ಆ ಅಳುವಲ್ಲ.

"ನಾನ್ ಗುದ್ದಿಲ್ಲ ಕಣಣ್ಣ! ಮೇಡಮ್ಮೋರ್ ಎಲ್ಲವ್ರೆ?"

ಸ್ಕೂಲಿನ ಒಡತಿ ಪದ್ಮಿನಿ ಆಗಲೇ ಅವರ ಹಿಂದೆ ಬಂದು ನಿಂತಿದ್ದರು. ಕಾರು ಕಲಿಸುವುದು ಅವರ ಕಸುಬು. ಊರಿನವರು ಬಿಡಿಸಲಾಗದ ಗಂಟುಗಳನ್ನೂ ಅವರ ಬಳಿಗೇ ತರುತ್ತಿದ್ದರು. ಅಂಥ ಪ್ರತಿಯೊಂದು ಪ್ರಕರಣವೂ ಮಹದೇವುವಿನ ನೋಟ್‌ಬುಕ್ಕಿನಲ್ಲಿ ದಾಖಲಾಗಿತ್ತು.

"ಕೂತ್ಕೊ. ಗಂಟೆ ಪ್ರಕಾರ ಹೇಳು."

ಹಿಂದಿನ ದಿನ ಬೆಳಿಗ್ಗೆ ಏಳರಿಂದ ಎಂಟರವರೆಗೆ ಹನೂರಿನಲ್ಲಿ ಅವಳಿಗೆ ಪಾಠವಿತ್ತು. ಕಲಿಸಿದವನು ಸ್ಕೂಲಿನ ಹನೂರು ಕಡೆಯ ಮೇಷ್ಟ್ರು ಪ್ರಭುಸ್ವಾಮಿ. "ಎಂಟ್ ಗಂಟ್ಗೆ ಕೀ ಅವರ ಕೈಗ್ ಕೊಟ್ಟೆ. ಸೇರ್ ಆಟೋ ಅತ್ಕಂಡ್ ನಮ್ಮೂರು ಶಾಗ್ಯಕ್ ಓದೆ. ಮದ್ಯಾನ ಪೊಲೀಸ್ನೋರು ಮನೆ ಮುಂದೆ!"

ಎಂಟೂವರೆಗೆ ಅಜ್ಜೀಪುರದ ಹತ್ತಿರ ಸ್ಕೂಲಿನ ಕಾರು ಚಿಕ್ಕಮಾದಯ್ಯ ಎಂಬ ಮುದುಕನಿಗೆ ಹಿಂದಿನಿಂದ ಗುದ್ದಿ, ನಿಲ್ಲದೆ ಹೋಗಿತ್ತು. ಕಾಲು ಮುರಿದಿತ್ತು. ಆತನೂ ಶಾಗ್ಯದವನೇ, ಮಗಳ ಮನೆಗೆ ಬಂದಿದ್ದ. ಪ್ರಭುಸ್ವಾಮಿಯ ಹೇಳಿಕೆ ನೇರವಾಗಿತ್ತು: ಕಾರು ಬದಿಗೆ ನಿಲ್ಲಿಸೆಂದು ರಮ್ಯಳಿಗೆ ಕೀ ಬಿಟ್ಟು ಟೀ ಕುಡಿಯಲು ಹೋದೆ, ಎಂಟೂಕಾಲಿಗೆ ಹೋಟೆಲಿನಿಂದ ಹೊರಗೆ ಬಂದಾಗಲೇ ಕಾರಿಲ್ಲವೆಂದು ತಿಳಿದಿದ್ದು, ಒಂಬತ್ತಕ್ಕೆ ಅವಳು ತಂದು ನಿಲ್ಲಿಸಿ ಓಡಿಹೋದಳು, ನಾನು ಒಳಗೆ ಏನನ್ನೂ ಮುಟ್ಟದೆ ಪೊಲೀಸರಿಗೆ ತಿಳಿಸಿದೆ.

ಊರಿನ ಸ್ವಸಹಾಯ ಸಂಘದ ಹೆಂಗಸರು ಸೇರಿ ರಮ್ಯಳನ್ನು ಪಂಚಾಯ್ತಿಯ ಕಸದ ಗಾಡಿಗೆ ಡ್ರೈವರಾಗಿ ಆರಿಸಿದ್ದರು. ಶುಕ್ರವಾರ ಟೆಸ್ಟು. ಈ ಕೇಸು ತಲೆಗೆ ಬಂದರೆ ಲೈಸೆನ್ಸೂ ಇಲ್ಲ, ಗಾಡಿಯೂ ಇಲ್ಲ.

"ಏಳು," ಎಂದರು ಪದ್ಮಿನಿ. "ಹನೂರಿಗೆ ಹೋಗೋಣ. ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರ್ತೀನಿ. ಕಂಡದ್ದನ್ನೆಲ್ಲ ಬಾಯಲ್ಲಿ ಹೇಳ್ತಾ ಹೋಗಬೇಕು."

ಅದು ಅವರ ಪಾಠದ ಕ್ರಮ. ಕಂಡದ್ದು ಬಾಯಿಗೆ ಬಂದರೆ ಮಾತ್ರ ಕಂಡಂತೆ ಲೆಕ್ಕ. ರಮ್ಯ ಮೂಗು ಒರೆಸಿಕೊಂಡು ಹೊರಟಳು. "ಎದ್ರುಗ್ ಬಸ್ಸು. ಎಡಕ್ಕೆ ಎಮ್ಮೆ ಎಲ್ಡು. ಸೈಕಲ್ನೋನು ಇಂದಕ್ ನೋಡ್ತಾವ್ನೆ, ಬಲಕ್ ತಿರುಗ್ತಾನೆ ಅನ್ಸುತ್ತೆ." ಸೈಕಲ್ಲು ಬಲಕ್ಕೇ ತಿರುಗಿತು. ಹಿಂದೆ ಕೂತಿದ್ದ ಮಹದೇವು ಸಮಯ ಗುರುತು ಹಾಕಿಕೊಂಡ.

ಆಸ್ಪತ್ರೆಯಲ್ಲಿ ಚಿಕ್ಕಮಾದಯ್ಯ ನೋವಿನಲ್ಲೂ ಸ್ಪಷ್ಟವಾಗಿದ್ದ. "ಟಾರಿಂದ ಕೆಳಗೇ ಎಡಗಡೆ ಓಯ್ತಿದ್ದೆ. ಆರನ್ ಸದ್ದಿಲ್ಲ, ಬ್ರೇಕ್ ಸದ್ದಿಲ್ಲ. ಬಿದ್ಮೇಲೆ ಕಾರಿನ ಇಂದೆ ಕೆಂಪು 'ಎಲ್' ಬೋರ್ಡ್ ಒಂದೇ ಕಂಡದ್ದು."

ಹಿಂದಿನ ದಿನ ಎಂಟೂಕಾಲಿನ ಪಾಠಕ್ಕೆ ಬರಬೇಕಿದ್ದ ರಂಗನಾಯಕ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಿದ. ಆರಡಿ ಮೀರಿದ ಆಳು, ಕಲಿಯಲು ಸೇರಿ ಎರಡೇ ದಿನವಾಗಿತ್ತು. "ಮೇಷ್ಟ್ರು ಪೋನ್ ಮಾಡಿ ಇವತ್ತು ಬರ್ಬ್ಯಾಡ ಅಂದ್ರು ಕಣ್ರಿ." ಪದ್ಮಿನಿ ಅವನ ಫೋನನ್ನು ಮಹದೇವುವಿನ ಕಡೆಗೆ ತಿರುಗಿಸಿದರು. ಕರೆ ಬಂದದ್ದು ಎಂಟು ಗಂಟೆ ಐದು ನಿಮಿಷಕ್ಕೆ. ಮಹದೇವು ಅದನ್ನೂ ಬರೆದುಕೊಂಡ.

ಕಾರು ಹನೂರು ಠಾಣೆಯ ಅಂಗಳದಲ್ಲಿತ್ತು. ಎಡಗಡೆಯ ಕನ್ನಡಿ ಮುರಿದಿತ್ತು. ಡ್ರೈವರ್ ಸೀಟು ಪೂರ್ತಿ ಮುಂದಕ್ಕೆ ಸರಿದಿತ್ತು, ಅದರ ಮೇಲೆ ರಮ್ಯ ಹಾಕಿಕೊಳ್ಳುವ ದಿಂಬು. ಮುಂದಿನ ಗಾಜಿನ ಮೇಲೆ ಕೆಂಪು ಸ್ಟಿಕ್ಕರ್ ಬೊಟ್ಟು. ಅಂಥದೇ ಬೊಟ್ಟಿನ ಚೀಟಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು, ರಮ್ಯಳದು.

"ಎಲ್ಲ ಅವಳದೇ ಇದೆಯಲ್ಲ, ಮೇಡಂ," ಎಂದ ಮಹದೇವು ಸಣ್ಣ ದನಿಯಲ್ಲಿ.

ಪದ್ಮಿನಿ ಗಾಜಿನ ಅಂಚಿನಿಂದ ಬೊಟ್ಟಿನವರೆಗೆ ಬೆರಳಿನಲ್ಲಿ ಅಳೆದರು. "ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಸಂಜೆ ನಾಲ್ಕಕ್ಕೆ ಎಲ್ಲರನ್ನೂ ಕರೆಸೋಕೆ ಹೇಳು. ಒಂದು ಬುಟ್ಟಿ ಸುಣ್ಣ ತರಿಸು."

ನಾಲ್ಕಕ್ಕೆ ಎಲ್ಲರೂ ಸೇರಿದರು. ಕಾರಿನ ಎಡಚಕ್ರದಿಂದ ಒಂದು ಮೊಳ ಆಚೆಗೆ ಉದ್ದಕ್ಕೂ ಸುಣ್ಣದ ಗೆರೆ ಎಳೆದಾಗಿತ್ತು. ಸಬ್‌ಇನ್‌ಸ್ಪೆಕ್ಟರ್ ಕೈಕಟ್ಟಿ ನಿಂತರು.

"ಸಾಹೇಬ್ರೇ, ಹೊಸಬರಿಗೆ ಕಾರಿನ ಎಡಚಕ್ರ ಎಲ್ಲಿದೆ ಅಂತ ಗೊತ್ತಾಗಲ್ಲ. ಅದಕ್ಕೇ ಹೀಗೆ ನಿಲ್ಲಿಸಿ, ಕೂತ ಜಾಗದಿಂದ ರಸ್ತೆ ಅಂಚಿನ ಗೆರೆ ಗಾಜನ್ನ ಎಲ್ಲಿ ಮುಟ್ಟುತ್ತೋ ಅಲ್ಲಿ ಬೊಟ್ಟು ಅಂಟಿಸ್ತೀವಿ. ಓಡಿಸುವಾಗ ಗೆರೆ ಬೊಟ್ಟಿನಲ್ಲೇ ಹಾದರೆ ಕಾರು ಜಾಗದಲ್ಲಿದೆ ಅಂತ ಅರ್ಥ. ಒಬ್ಬರ ಬೊಟ್ಟು ಇನ್ನೊಬ್ಬರ ಕಣ್ಣಿಗೆ ಹೊಂದಲ್ಲ. ಪಾಠ ಮುಗಿದ ಕೂಡಲೇ ಕೀಳಬೇಕು."

ಚಿಕ್ಕಮಾದಯ್ಯನ ಹೆಂಡತಿ ಗುರುಸಿದ್ದಮ್ಮನಿಗೆ ತಾಳ್ಮೆ ಮುಗಿಯಿತು. "ಬೊಟ್ಟು ಗಿಟ್ಟು ಬುಡವ್ವ. ನಮ್ ಎಜಮಾನ್ರ ಕಾಲ್ ಮುರ್ದೋರ್ ಯಾರು, ಅದ್ನೇಳು!"

"ಅದನ್ನ ಬೊಟ್ಟೇ ಹೇಳುತ್ತೆ, ಅಮ್ಮ. ಪ್ರಭು, ಮೇಷ್ಟ್ರು ನೀನು. ಹೇಗೆ ಕೂರಬೇಕು ಅಂತ ಮೊದಲು ನೀನೇ ತೋರಿಸು."

ಪ್ರಭುಸ್ವಾಮಿ ನಗುತ್ತಲೇ ಹತ್ತಿದ. ದಿಂಬು ತೆಗೆದ, ಸೀಟನ್ನು ಹಿಂದಕ್ಕೆ ಸರಿಸಿದ, ಬೆನ್ನು ನೆಟ್ಟಗೆ ಮಾಡಿ ಕೂತ. ಮಹದೇವು ಅವನ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿದು ಫೋಟೊ ತೆಗೆದ. ಆಮೇಲೆ ರಂಗನಾಯಕ, ಕೊನೆಗೆ ದಿಂಬಿನ ಮೇಲೆ ರಮ್ಯ. ಪ್ರತಿಯೊಬ್ಬರೂ ಸೀಟನ್ನು ತಮಗೆ ಬೇಕಾದಂತೆ ಸರಿಸಿಕೊಂಡರು.

ಸಬ್‌ಇನ್‌ಸ್ಪೆಕ್ಟರ್ ಮೂರೂ ಫೋಟೊ ನೋಡಿದರು. ರಮ್ಯಳ ಫೋಟೊದಲ್ಲಿ ಸುಣ್ಣದ ಗೆರೆ ಬೊಟ್ಟಿಗಿಂತ ಎಷ್ಟೋ ಕೆಳಗೆ ಹಾದಿತ್ತು. ರಂಗನಾಯಕನದರಲ್ಲಿ ಬೊಟ್ಟಿಗಿಂತ ಮೇಲೆ. ಪ್ರಭುಸ್ವಾಮಿಯ ಫೋಟೊದಲ್ಲಿ ಗೆರೆ ಬೊಟ್ಟನ್ನು ಸರಿಯಾಗಿ ನಡುವಿಗೆ ಸೀಳಿತ್ತು.

"ಈ ಬೊಟ್ಟು ನಂಬಿ ರಮ್ಯ ಓಡಿಸಿದ್ದಿದ್ದರೆ, ಗೆರೆನ ಬೊಟ್ಟಿಗೆ ತರೋಕೆ ಬಲಕ್ಕೆ ಸರಿದು ಸರಿದು ಕಾರು ನಡುರಸ್ತೆಗೂ ಆಚೆ ಹೋಗ್ತಿತ್ತು," ಎಂದರು ಪದ್ಮಿನಿ. "ಟಾರಿಂದ ಕೆಳಗೆ ಎಡಗಡೆ ನಡೀತಿದ್ದವರು ಸಿಗ್ತಾನೇ ಇರಲಿಲ್ಲ. ರಂಗನಾಯಕ ನಂಬಿದ್ದಿದ್ದರೆ ಚಕ್ರ ಚರಂಡಿಲಿ. ಅಲ್ಲದೆ ಅವನಿಗೆ ಬೊಟ್ಟಿನ ಪಾಠ ಇನ್ನೂ ಆಗಿಲ್ಲ. ಸೀಟು ರಮ್ಯಳದು, ಬೊಟ್ಟು ಪ್ರಭುದು. ಈ ಎರಡೂ ಒಟ್ಟಿಗಿರೋ ಡ್ರೈವರ್ ಹುಟ್ಟಿಲ್ಲ. ಅಂದರೆ ಯಾರೋ ಬೇಕಂತಲೇ ಜೋಡಿಸಿಟ್ಟಿದ್ದಾರೆ."

"ಬೊಟ್ಟು ಹಳೇದಿರಬೈದು, ಮೇಡಂ," ಎಂದ ಪ್ರಭುಸ್ವಾಮಿ. ನಗು ಹೋಗಿತ್ತು.

"ಹಳೇದಾಗಿದ್ರೆ ಏಳು ಗಂಟೆ ಪಾಠದಲ್ಲಿ ರಮ್ಯ ಯಾಕೆ ಕೀಳಲಿಲ್ಲ? ನೀನು ಯಾಕೆ ಬಿಟ್ಟೆ? ಹೋಗಲಿ, ಇದು ಹೇಳು. ಕಾರಿಲ್ಲ ಅಂತ ನಿನಗೆ ಗೊತ್ತಾಗಿದ್ದು ಎಂಟೂಕಾಲಿಗೆ. ರಂಗನಾಯಕನಿಗೆ ಬರಬೇಡ ಅಂತ ಹೇಳಿದ್ದು ಎಂಟೂ ಐದಕ್ಕೆ. ಕಾರು ಇದ್ದಾಗಲೇ ಪಾಠ ಯಾಕೆ ಬೇಡವಾಯ್ತು?"

ಪದ್ಮಿನಿ ಸಬ್‌ಇನ್‌ಸ್ಪೆಕ್ಟರ್ ಕಡೆಗೆ ತಿರುಗಿದರು.

"ಬ್ರೇಕಿನ ಸದ್ದೇ ಇರಲಿಲ್ಲ ಅಂದರು ಚಿಕ್ಕಮಾದಯ್ಯ. ಓಡಿಸ್ತಿದ್ದವರ ಕಣ್ಣು ರಸ್ತೆ ಮೇಲಿರಲಿಲ್ಲ. ಎಮ್ಮೆ ಕಂಡರೂ ಕೂಗಿ ಹೇಳೋ ಹುಡುಗಿ ಮಾಡೋ ಕೆಲಸ ಅಲ್ಲ ಅದು."

"ಪೋನ್ ನೋಡ್ತಿದ್ದೆ," ಎಂದ ಪ್ರಭುಸ್ವಾಮಿ ನೆಲ ನೋಡುತ್ತ. "ಅಜ್ಜೀಪುರದಲ್ಲಿ ಸ್ವಂತ ಕೆಲ್ಸ ಇತ್ತು. ಕಣ್ಣೆತ್ತೋದ್ರೊಳಗೆ... ಲೈಸೆನ್ಸ್ ಓದ್ರೆ ನನ್ ಬಾಳೇ ಓಯ್ತು ಅಂತ ಎದರ್ಕಂಡೆ."

"ಅವಳ ಬಾಳು ಓದ್ರೆ ಪರವಾಗಿಲ್ವೇನ್ಲಾ?" ಎಂದಳು ಗುರುಸಿದ್ದಮ್ಮ.

ಮಹದೇವುವಿಗೆ ಒಂದೇ ಒಂದು ಸಂಶಯ ಉಳಿದಿತ್ತು. "ಮೇಡಂ, ಅವಳ ಅಳತೆ ಅವನಿಗೆ ಗೊತ್ತಿರಲಿಲ್ವೆ?"

"ಗೊತ್ತಿತ್ತು. ಬೇರೆ ಯಾರಾದ್ರೂ ಆಗಿದ್ದರೆ ಎಲ್ಲೋ ಒಂದು ಕಡೆ ಅಂಟಿಸಿಬಿಡ್ತಿದ್ರು, ನಮಗೂ ಏನೂ ಹೇಳೋಕಾಗ್ತಿರಲಿಲ್ಲ. ಇವನು ಹನ್ನೊಂದು ವರ್ಷ ಪಾಠ ಮಾಡಿದೋನು, ಗೆರೆ ನೋಡದೆ ಬೊಟ್ಟಂಟಿಸೋಕೆ ಕೈ ಬರಲ್ಲ. ಹೋಟೆಲ್ ಮುಂದೆ ನಿಲ್ಲಿಸಿದ, ರಸ್ತೆ ಅಂಚಿನ ಬಿಳಿ ಗೆರೆ ನೋಡಿ ಅಂಟಿಸಿದ. ಆಮೇಲೆ ಸೀಟು ಮುಂದಕ್ಕೆ ತಳ್ಳಿದ. ಪಾಠದಲ್ಲಿ ಮೊದಲು ಸೀಟು, ಆಮೇಲೆ ಬೊಟ್ಟು. ಆತುರದಲ್ಲಿ ಅವನು ಉಲ್ಟಾ ಮಾಡಿದ."

ಶುಕ್ರವಾರ ರಮ್ಯ ಟೆಸ್ಟ್ ಪಾಸಾದಳು.

ಎರಡು ತಿಂಗಳ ಮೇಲೆ ಮಹದೇವು ಯಾವುದೋ ಅರ್ಜಿಗೆ ಸಹಿ ಹಾಕಿಸಲು ಶಾಗ್ಯಕ್ಕೆ ಹೋಗಿದ್ದ. ಬೀದಿಯ ತಿರುವಿನಲ್ಲಿ ಕಸದ ಗಾಡಿ ಬಂತು. ಅದರ ಗಾಜಿನ ಮೇಲೆ ಬೊಟ್ಟಿರಲಿಲ್ಲ, ಎಡಚಕ್ರ ಮಾತ್ರ ಚರಂಡಿಯಿಂದ ಸರಿಯಾಗಿ ಒಂದು ಮೊಳ ದೂರದಲ್ಲಿತ್ತು. ಜಗಲಿಯ ಮುಂದೆ ಕೋಲೂರಿ ನಿಂತಿದ್ದ ಚಿಕ್ಕಮಾದಯ್ಯ ಹಿಂದಕ್ಕೆ ಸರಿಯಲು ಹೋದ.

ಒಳಗಿನಿಂದ ದನಿ ಬಂತು: "ಎಡಕ್ಕೆ ಚಿಕ್ಕಮಾದಯ್ಯ, ಬಲಗೈಲಿ ಕೋಲು! ಸರೀಬ್ಯಾಡ ನಿಂತ್ಕಳಜ್ಜ, ನಾನ್ ನೋಡಿವ್ನಿ!"