ಪಿಟೀಲಿಲ್ಲದ ಕಚೇರಿ

ಚಿಕ್ಕಂದಿನಲ್ಲಿ ಅಪ್ಪನ ಅಂಗಿಯಿಂದ ಸದಾ ರಾಳದ ವಾಸನೆ ಬರುತ್ತಿತ್ತು, ಪಿಟೀಲಿನ ಕಮಾನಿಗೆ ಉಜ್ಜುವ ರಾಳ. ಸಂಗೀತ ಕಚೇರಿ ಮುಗಿದ ಮೇಲೆ ಕೊಡುತ್ತಿದ್ದ ಊಟದ ಪೊಟ್ಟಣವನ್ನು ಅವರು ಬಿಚ್ಚದೆ ನನಗಾಗಿ ತರುತ್ತಿದ್ದರು. ಒಂದು ಸಂಜೆ ಕಚೇರಿ ಮುಗಿಸಿ ಬರುವಾಗ ದಾರಿಯಲ್ಲೇ ತೀರಿಕೊಂಡರು. ಆಮೇಲೆ ಪಿಟೀಲು ಕೇಳಲು ನನಗೆ ಧೈರ್ಯವಾಗಲಿಲ್ಲ.

ಮೊನ್ನೆ ಮೊಮ್ಮಗಳು, "ಬರೀ ಕೊಳಲು ಅಜ್ಜಿ, ಪಿಟೀಲಿಲ್ಲ. ಅಳೋಕೆ ನೆಪ ಸಿಗಲ್ಲ," ಎಂದು ಕೈಹಿಡಿದು ಕಚೇರಿಗೆ ಕರೆದೊಯ್ದಳು.

ನಡುವೆ ರಾಳದ ವಾಸನೆ ಬಂತು. ಪಕ್ಕದ ಖಾಲಿ ಕುರ್ಚಿಯಿಂದ, ಕೊಳಲಿಗೆ ಜೊತೆಯಾಗಿ, ಪಿಟೀಲು ಮೆಲ್ಲಗೆ ನುಡಿಯಿತು. ಮುಟ್ಟಿದೆ, ಕುರ್ಚಿ ಬೆಚ್ಚಗಿತ್ತು.

"ಕೇಳ್ತಿದೆಯಾ?"

"ಕೊಳಲಾ ಅಜ್ಜಿ?"

ಅದು ಮುಗಿಯದಿರಲಿ ಎಂದು ಕಣ್ಣು ಮುಚ್ಚಿದೆ.

ಹೊರಡುವಾಗ ಊಟ ಹಂಚುವವರು ಬಾಗಿಲಲ್ಲಿ ಕಾದಿದ್ದರು. "ಪಿಟೀಲಿನವರು ನಿಮಗೇ ಕೊಡಿ ಅಂದ್ರಮ್ಮ. ತಡವಾಯ್ತಂತೆ," ಎಂದು ಬೆಚ್ಚಗಿನ ಪೊಟ್ಟಣವೊಂದನ್ನು ಮೆಲ್ಲಗೆ ಕೈಗಿತ್ತರು.