ಇಬ್ಬರಿಗೊಂದು ಪರ್ಮಿಟ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುವುದು ಸುಳ್ಳಲ್ಲ. ಆದರೆ ಆ ದಿನ ಯೂನಿವರ್ಸಿಟಿಯ ಪಾರ್ಕಿಂಗ್ ಆಫೀಸಿನ ಮುಂದೆ ನಿಂತಿದ್ದವರಲ್ಲಿ ಕೋಪ ಬಾರದವರು ಯಾರಿದ್ದರು ಹೇಳಿ. ಕ್ಯಾಂಪಸ್ಸಿನೊಳಗೆ ಕಾರು ನಿಲ್ಲಿಸುವ ಪರ್ಮಿಟ್ಟಿನ ದರವನ್ನು ಒಂದೇ ಏಟಿಗೆ ಹೆಚ್ಚುಕಡಿಮೆ ಎರಡರಷ್ಟು ಮಾಡಿದ್ದರು. ದೂರದ ಬಡಾವಣೆಗಳಿಂದ ದಿನಾ ಓಡಾಡುವವರೆಲ್ಲ ಸಾಲಾಗಿ ನಿಂತು ಗೊಣಗುತ್ತಿದ್ದೆವು.

ಸಾಲು ಮಾತ್ರ ಅಲುಗಾಡುತ್ತಿರಲಿಲ್ಲ. ಕಾರಣ ನನ್ನ ಮುಂದಿದ್ದ ಮನುಷ್ಯ. ಕೌಂಟರಿಗೆ ಮೊಣಕೈ ಊರಿಕೊಂಡು, ಇರುವ ಜಾಗ ಎಷ್ಟು, ಮಾರಿದ ಪರ್ಮಿಟ್ ಎಷ್ಟು, ಅದರಲ್ಲಿ ದಿನಾ ಬರುವವರು ಎಷ್ಟು ಪಾಲು ಎಂದು ಒಳಗಿದ್ದ ಗುಮಾಸ್ತೆಯನ್ನು ಬಿಡಿಸಿ ಬಿಡಿಸಿ ಕೇಳುತ್ತಿದ್ದ. ದನಿ ಬೆಣ್ಣೆ, ಪ್ರಶ್ನೆಗಳಿಗೆ ಕೊನೆಯೇ ಇಲ್ಲ.

"ಸ್ವಾಮಿ, ಪಾಠ ಮಾಡೋದಿದ್ರೆ ಕ್ಲಾಸಲ್ಲಿ ಮಾಡಿ," ಎಂದೆ. "ಇಲ್ಲಿ ಬೇರೆಯವರಿಗೂ ಕೆಲಸ ಇದೆ."

ತಿರುಗಿ ನೋಡಿದ. ಜಗಳಕ್ಕೆ ನಾನು ಸೆರಗು ಬಿಗಿದಾಗಿತ್ತು. ಅವನು ನಕ್ಕುಬಿಟ್ಟ. ಮೊದಲು ಒಂದು ಹುಬ್ಬು ಮೇಲೆ ಹೋಯಿತು, ಆಮೇಲೆ ಕಣ್ಣು ಕಿರಿದಾಯಿತು, ಕೊನೆಗೆ ತುಟಿ.

"ಕ್ಲಾಸಲ್ಲಿ ನನ್ನ ಮಾತನ್ನ ಇಷ್ಟು ಗಮನ ಕೊಟ್ಟು ಯಾರೂ ಕೇಳಲ್ಲ ಮೇಡಂ," ಎಂದ.

ಗುಮಾಸ್ತೆ ನಮ್ಮಿಬ್ಬರ ಗುರುತಿನ ಕಾರ್ಡುಗಳನ್ನೂ ತೆಗೆದುಕೊಂಡು ನೋಡಿದಳು. ಇಬ್ಬರೂ ಒಂದೇ ರಸ್ತೆಯಿಂದ ಬರುವವರು, ಅವನ ಮನೆ ನನ್ನದಕ್ಕಿಂತ ಸ್ವಲ್ಪ ಆಚೆ. ಒಂದೇ ಕಾರಿನಲ್ಲಿ ಬರುವ ಇಬ್ಬರಿಗೆ ಹಂಚಿಕೆ ಪರ್ಮಿಟ್ ಅಂತ ಒಂದಿದೆ, ದರ ಅರ್ಧ, ನಿಲ್ಲಿಸುವ ಜಾಗವೂ ಗೇಟಿನ ಪಕ್ಕದಲ್ಲೇ ಎಂದು ವಿವರಿಸಿದಳು. ಷರತ್ತು ಒಂದೇ. ಬೆಳಿಗ್ಗೆ ಗೇಟು ದಾಟುವಾಗ ಕಾರಿನಲ್ಲಿ ಇಬ್ಬರೂ ಇರಬೇಕು, ಸೆಕ್ಯುರಿಟಿಯವರು ತಲೆ ಎಣಿಸುತ್ತಾರೆ. "ಆಚೆ ಹೋಗಿ ಮಾತಾಡ್ಕೊಳ್ಳಿ. ಇಬ್ಬರೂ ಕಿಟಕಿ ಬಿಟ್ರೆ ನನಗೂ ಉಪಕಾರ ಆಗುತ್ತೆ," ಎಂದು ಮುಂದಿನವರನ್ನು ಕರೆದಳು.

ಹಾಗೆ ಬೆಳಿಗ್ಗೆ ಬೈಸಿಕೊಂಡವನು ಮಧ್ಯಾಹ್ನದೊಳಗೆ ನನ್ನ ಪಾಲುದಾರನಾದ.

ನಾನು ಗಾಜು ಊದುವವಳು. ಕೆಮಿಸ್ಟ್ರಿ ವಿಭಾಗದ ನೆಲಮಾಳಿಗೆಯಲ್ಲಿ ನನ್ನದೊಂದು ವರ್ಕ್‌ಶಾಪ್ ಇದೆ. ಮೇಲಿನವರು ಒಡೆದು ತಂದ ಫ್ಲಾಸ್ಕು, ಕೊಳವೆಗಳನ್ನು ಬೆಂಕಿಯಲ್ಲಿ ಕರಗಿಸಿ ಮತ್ತೆ ಕೂಡಿಸುವುದು, ಅಂಗಡಿಯಲ್ಲಿ ಸಿಗದ ಆಕಾರಗಳನ್ನು ಮಾಡಿಕೊಡುವುದು ನನ್ನ ಕೆಲಸ. ವಿದ್ಯಾರ್ಥಿಗಳು ನನ್ನನ್ನು ಬೆಂಕಿ ಮೇಡಂ ಅನ್ನುತ್ತಾರೆ. ಅದು ಬರ್ನರಿಗೆ ಇಟ್ಟ ಹೆಸರೋ ಬಾಯಿಗೆ ಇಟ್ಟದ್ದೋ, ನಾನು ಕೇಳಲು ಹೋಗಿಲ್ಲ. ಅವನು ಸ್ಟಾಟಿಸ್ಟಿಕ್ಸ್ ಮೇಷ್ಟ್ರು, ಅದೂ ಅರೆಕಾಲಿಕ. ಪಾಠ ಮಾಡಿದಷ್ಟಕ್ಕೆ ಮಾತ್ರ ಸಂಬಳ.

ಒಂದು ವಾರ ಅವನ ಕಾರು, ಒಂದು ವಾರ ನನ್ನದು ಎಂದು ಮಾತಾಯಿತು. ಕನ್ನಡಿಗೆ ನೇತುಹಾಕುವ ಹಳದಿ ಪರ್ಮಿಟ್ಟನ್ನು ಶುಕ್ರವಾರ ಸಂಜೆ ಒಬ್ಬರು ಇನ್ನೊಬ್ಬರಿಗೆ ದಾಟಿಸಬೇಕು. ದಾಟಿಸುವಾಗ ಬೆರಳು ತಗಲುತ್ತಿತ್ತು. ಮೊದಮೊದಲು ಇಬ್ಬರೂ ಬೇಗ ಕೈ ಹಿಂದೆಗೆಯುತ್ತಿದ್ದೆವು. ಆಮೇಲಾಮೇಲೆ ಅಂಥ ಅವಸರ ಇಬ್ಬರಿಗೂ ಉಳಿಯಲಿಲ್ಲ.

ಅವನಿಗೆ ಕಾರನ್ನು ಹಿಂದಕ್ಕೆ ತೆಗೆಯಲು ಬರುತ್ತಿರಲಿಲ್ಲ. ಎರಡು ಕಾರುಗಳ ನಡುವೆ ಲಾರಿಯೇ ನುಗ್ಗುವಷ್ಟು ಜಾಗವಿದ್ದರೂ ಮುಂದೆ, ಹಿಂದೆ, ಮತ್ತೆ ಮುಂದೆ ಎಂದು ಒದ್ದಾಡುವನು. "ಈ ಜಾಗದಲ್ಲಿ ನಾನಾಗಿದ್ರೆ ಕಣ್ಣು ಮುಚ್ಕೊಂಡು ನಿಲ್ಲಿಸ್ತಿದ್ದೆ," ಎಂದು ಛೇಡಿಸುತ್ತಿದ್ದೆ. ನೀವು ಪಕ್ಕದಲ್ಲಿ ಕೂತಿರೋದ್ರಿಂದಲೇ ಹೀಗಾಗ್ತಿರೋದು ಅನ್ನುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಓರೆಗಣ್ಣಿನಿಂದ ನನ್ನ ಕೈಗಳನ್ನು ನೋಡುತ್ತಿದ್ದ. ಸಣ್ಣ ಸಣ್ಣ ಸುಟ್ಟ ಕಲೆಗಳಿರುವ ಬೆರಳುಗಳು ನನ್ನವು, ಯಾರಾದರೂ ನೋಡಿದರೆ ಮುಚ್ಚಿಕೊಳ್ಳುವ ಅಭ್ಯಾಸ. ಅವನ ಮುಂದೆ ಮುಚ್ಚಿಕೊಳ್ಳಲಿಲ್ಲ. ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಹೊಡೆದಾಗ ಕೆಂಪಗಾಗಿ ಗೇರ್ ಹುಡುಕುತ್ತಿದ್ದ.

ಅಮ್ಮ ನಿವೃತ್ತ ನರ್ಸು, ಅವಳ ಕಣ್ಣಿಗೆ ಮಣ್ಣೆರಚುವುದು ಅಸಾಧ್ಯ. ಅಡುಗೆಮನೆಯ ಕಿಟಕಿಯಿಂದಲೇ ರಸ್ತೆ ನೋಡಿ, "ನೋಡೇ, ನಿನ್ನ ಪಾರ್ಕಿಂಗ್ ಬಂತು," ಅನ್ನುತ್ತಿದ್ದಳು. ಪಾಪ, ಆ ಹೆಸರು ಅವನಿಗೆ ಅಂಟಿಕೊಂಡೇಬಿಟ್ಟಿತು. ಪಾರ್ಕಿಂಗಿಗೆ ಚಹಾ ಬೇಕಾ ಕೇಳು, ಪಾರ್ಕಿಂಗ್ ಯಾಕೋ ಇವತ್ತು ಸಪ್ಪಗಿದೆ ಎಂದು ವಿಚಾರಣೆ ನಡೆಯುತ್ತಿತ್ತು. ಇದು ಬರೀ ಖರ್ಚು ಉಳಿಸುವ ವ್ಯವಸ್ಥೆ ಎಂದು ನಾನು ಹೇಳಿದರೆ, ಹೌದಾ, ಖರ್ಚು ಉಳಿಸೋಕೆ ಯಾರಾದ್ರೂ ಇಷ್ಟು ಚೆನ್ನಾಗಿ ತಲೆ ಬಾಚ್ಕೋತಾರಾ ಅನ್ನುತ್ತಿದ್ದಳು.

ಒಂದು ಸಂಜೆ ಅವನ ಕ್ಲಾಸು ಬೇಗ ಮುಗಿದು ವರ್ಕ್‌ಶಾಪಿಗೇ ಬಂದ. ನಾನು ಆಗಷ್ಟೇ ಬೆಂಕಿಯಿಂದ ತೆಗೆದಿಟ್ಟ ಕೊಳವೆಯೊಂದು ಮೇಜಿನ ಮೇಲಿತ್ತು. ಎಷ್ಟು ಚೆನ್ನಾಗಿದೆ ಎನ್ನುತ್ತಾ ಕೈ ಚಾಚಿದ. ಹಾರಿ ಅವನ ಮಣಿಕಟ್ಟು ಹಿಡಿದುಕೊಂಡೆ.

"ಬಿಸಿ ಗಾಜು, ತಣ್ಣಗಿರೋ ಗಾಜು ನೋಡೋಕೆ ಒಂದೇ ಥರ ಇರುತ್ತೆ," ಎಂದೆ. "ಮುಟ್ಟಿದ ಮೇಲೇ ಗೊತ್ತಾಗೋದು."

ಅವನು ಗಾಜನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ. ನಾಡಿ ನನ್ನ ಹೆಬ್ಬೆರಳಿನ ಕೆಳಗೆ ಓಡುತ್ತಿತ್ತು, ಅದು ಅವನದೋ ನನ್ನದೋ ತಿಳಿಯಲಿಲ್ಲ. ಇನ್ನೇನು ಏನೋ ಹೇಳುತ್ತಾನೆ ಅಂದುಕೊಂಡೆ. ಸಂಜೆಯ ಟ್ರಾಫಿಕ್ ಬಗ್ಗೆ ಹೇಳಿದ. ಅವನ ದೋಷವೇ ಅದು. ಹೇಳಬೇಕಾದ್ದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳುತ್ತಾನೆ. ಆದರೂ ನನಗೆ ಅನುಮಾನವಿರಲಿಲ್ಲ. ನಾನು ಅವನನ್ನು ಪ್ರೀತಿಸುತ್ತಿದ್ದೆ, ಅವನೂ ನನ್ನನ್ನು ಪ್ರೀತಿಸುತ್ತಿದ್ದ. ಮಾತು ತಾನಾಗಿಯೇ ಬರಲಿ, ಕಾಯೋಣ ಎಂದಿದ್ದೆ.

ಹೊಸ ಸೆಮಿಸ್ಟರ್ ಬಂತು, ದರ ಮತ್ತೆ ಏರಿತು. ಹಂಚಿಕೆ ಪರ್ಮಿಟ್ಟಿಗೂ ಕತ್ತರಿ ಬಿತ್ತು. ಕೆಲವರು ಗೇಟಿನ ಹತ್ತಿರದ ಬಸ್ ಸ್ಟಾಪಿನಲ್ಲಿ ಸಿಕ್ಕವರನ್ನು ಹತ್ತಿಸಿಕೊಂಡು ತಲೆ ಲೆಕ್ಕ ತೋರಿಸುತ್ತಿದ್ದರಂತೆ. ಅದಕ್ಕೆ ಇನ್ನು ಮುಂದೆ ಒಂದೇ ಕುಟುಂಬದವರಿಗೆ ಮಾತ್ರ ಎಂದು ನಿಯಮ ಬಂದಿತ್ತು. ಸೋಮವಾರ ಬೆಳಿಗ್ಗೆ ಸೆಕ್ಯುರಿಟಿಯವನು ನಮ್ಮ ಕಾರನ್ನು ತಡೆದು ಕಿಟಕಿಗೆ ಬಗ್ಗಿದ. ನೀವಿಬ್ಬರೂ ಒಂದೇ ಕುಟುಂಬದವರಾ ಎಂದು ಕೇಳಿದ.

ನಾನು ಬಾಯಿ ತೆರೆಯುವ ಮುಂಚೆ ಅವನು ಹೇಳಿಬಿಟ್ಟ. "ಹೌದು. ಇವರು ನನ್ನ ಹೆಂಡತಿ."

ಒಂದು ಉಸಿರಿನಷ್ಟು ಹೊತ್ತು ನನಗೆ ಎಲ್ಲಿಲ್ಲದ ಸಂತೋಷವಾಯಿತು. ಮರುಕ್ಷಣವೇ ತಲೆ ಕೆಟ್ಟಿತು. ಇಷ್ಟು ತಿಂಗಳು ಪಕ್ಕದಲ್ಲೇ ಕೂತವಳಿಗೆ ಹೇಳಲಾಗದ ಮಾತು ಸೆಕ್ಯುರಿಟಿಯವನ ಮುಂದೆ ಎಷ್ಟು ಸಲೀಸಾಗಿ ಬಂತು. ಅದೂ ಯಾತಕ್ಕೆ, ಒಂದು ಕಾರು ನಿಲ್ಲಿಸುವಷ್ಟು ಸಿಮೆಂಟ್ ನೆಲಕ್ಕೆ.

"ಅಲ್ಲ," ಎಂದೆ. "ನಾನು ಇವರಿಗೆ ಏನೂ ಅಲ್ಲ. ನಮ್ಮದು ಬೇರೆ ಬೇರೆ ಮನೆ."

ಸೆಕ್ಯುರಿಟಿಯವನು ಕನ್ನಡಿಯಿಂದ ಹಳದಿ ಪರ್ಮಿಟ್ಟನ್ನು ಬಿಚ್ಚಿಕೊಂಡು ಹೋದ. ನನ್ನ ಪಕ್ಕದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹಾಗೆ ಹೇಳಿದ್ದರಲ್ಲಿ ಅಷ್ಟು ದೊಡ್ಡ ತಪ್ಪೇನಿತ್ತು ಎಂದು ಮೆಲ್ಲಗೆ ಕೇಳಿದ. ಪಾರ್ಕಿಂಗಿಗೋಸ್ಕರ ಯಾರಿಗೂ ನಾನು ಹೆಂಡತಿ ಆಗಲ್ಲ ಎಂದು ಬಾಗಿಲು ತೆಗೆದು ಇಳಿದುಬಿಟ್ಟೆ.

ಅಂದಿನಿಂದ ನಾನು ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸು ಹಿಡಿದೆ. ಅವನು ದಿನದ ಬಾಡಿಗೆ ಕಟ್ಟಿ ಎಲ್ಲೋ ಆಟದ ಮೈದಾನದ ಹಿಂದೆ ನಿಲ್ಲಿಸುತ್ತಿದ್ದ ಎಂದು ಕೇಳಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಾಗಲೆಲ್ಲ ಸಿಗ್ನಲ್ಲಿನಲ್ಲಿ ನಿಂತ ಕಾರುಗಳೊಳಗೆ ಇಣುಕುತ್ತಿದ್ದೆ. ನಾಚಿಕೆ ಆಗುತ್ತಿತ್ತು, ಇಣುಕುವುದು ಮಾತ್ರ ಬಿಡಲಿಲ್ಲ.

ತಿಂಗಳ ಕೊನೆಗೆ ಅವನು ನೆಲಮಾಳಿಗೆಗೆ ಇಳಿದು ಬಂದ. ನಾನು ಕಪ್ಪು ಕನ್ನಡಕ ಹಾಕಿಕೊಂಡು ಬೆಂಕಿಯ ಮುಂದೆ ಕೂತಿದ್ದೆ. ಅವನ ಮನೆ ಹತ್ತಿರದ ಕಾಲೇಜಿನಲ್ಲಿ ಸೋಮವಾರದಿಂದಲೇ ಕೆಲಸಕ್ಕೆ ಕರೆದಿದ್ದರಂತೆ. ನಡೆದುಕೊಂಡೇ ಹೋಗಬಹುದು. ಇಲ್ಲಿ ಸಿಗುವ ಸಂಬಳದಲ್ಲಿ ಈಗಿನ ಪಾರ್ಕಿಂಗ್ ಕಟ್ಟಿದರೆ ಉಳಿಯುವುದು ಅಷ್ಟಕ್ಕಷ್ಟೇ. ಇಷ್ಟು ಹೇಳಿ ನಿಂತ.

"ನೀವೇನಂತೀರಾ?" ಎಂದ.

ಇರಿ ಅಂದಿದ್ದರೆ ಇರುತ್ತಿದ್ದ, ನನಗೆ ಗೊತ್ತಿತ್ತು. ಆದರೆ ಇರು ಎನ್ನಲು ನಾನು ಯಾರು? ಅವನಿಗೆ ಏನೂ ಅಲ್ಲ ಎಂದು ನನ್ನ ಬಾಯಿಂದಲೇ ಬಂದಿತ್ತಲ್ಲ.

"ಒಳ್ಳೇ ಅವಕಾಶ. ಹೋಗಿ," ಎಂದೆ. ಅವನು ಮೆಟ್ಟಿಲು ಹತ್ತಿ ಹೋದ ಸದ್ದು ಕೇಳಿಸಿತು. ಕೈಯಲ್ಲಿದ್ದ ಕೊಳವೆ ಅತಿಯಾಗಿ ಕಾದು ಸೊಟ್ಟಗೆ ಬಾಗಿ ಮೇಜಿನ ಮೇಲೆ ಬಿತ್ತು. ಕನ್ನಡಕ ಇದ್ದದ್ದು ಒಳ್ಳೆಯದೇ ಆಯಿತು.

ಆ ಭಾನುವಾರ ಅಮ್ಮ ಬಟ್ಟೆ ಮಡಚುತ್ತಾ ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಗೇಟಿನ ಕಥೆ, ಕಾಲೇಜಿನ ಕಥೆ ಎಲ್ಲ ಅಷ್ಟು ಹೊತ್ತಿಗೆ ಅವಳಿಗೆ ಹೇಳಿಯಾಗಿತ್ತು. ಅವನದೇ ತಪ್ಪು ಎಂದು ಇನ್ನೊಮ್ಮೆ ಶುರುಮಾಡಿದೆ.

"ಅವನದು ತಪ್ಪೇ," ಎಂದಳು ಅಮ್ಮ. "ಹೆದರುಪುಕ್ಕಲ, ಹೇಳಬೇಕಾದವಳನ್ನ ಬಿಟ್ಟು ಗೇಟಲ್ಲಿ ಹೇಳಿದ. ನೀನೇನು ಹೆದರುಪುಕ್ಕಲಿ ಅಲ್ವಲ್ಲ. ನಿನಗೆ ಬಾಯಿ ಇಲ್ವಾ?"

ನನಗೆ ಬಾಯಿ ಇಲ್ಲ ಎಂದು ಜೀವಮಾನದಲ್ಲಿ ಯಾರೂ ಅಂದಿರಲಿಲ್ಲ. ಆ ಮಾತು ನಾಟಿತು. ಸಾಲಿನಲ್ಲಿ ಗುರುತಿಲ್ಲದವನನ್ನು ಗದರಿಸಬಲ್ಲೆ, ವಿಭಾಗದ ಮುಖ್ಯಸ್ಥರ ಜೊತೆ ಜಗಳಕ್ಕೆ ನಿಲ್ಲಬಲ್ಲೆ, ಪ್ರೀತಿಸಿದವನಿಗೆ ಇರು ಎನ್ನಲು ಮಾತ್ರ ಅವನೇ ಮೊದಲು ಬಾಯಿ ಬಿಡಬೇಕು ಎಂದು ಕೂತಿದ್ದೆ. ಇದೆಂಥ ಧೈರ್ಯ.

ಸೋಮವಾರ ಅವನ ಹೊಸ ಕೆಲಸದ ಮೊದಲ ದಿನ. ನಾನು ಎಂದಿಗಿಂತ ಬೇಗ ಎದ್ದು, ರಸ್ತೆ ದಾಟಿ, ಎದುರು ಬದಿಯ ಬಸ್ ಸ್ಟಾಪಿನಲ್ಲಿ ನಿಂತೆ. ಅವನು ಕಾಲೇಜಿಗೆ ಹೊರಡುವ ಮುಂಚೆ ಅವನ ಮನೆ ಮುಂದೆ ಇರಬೇಕು, ಹೇಳಬೇಕಾದ್ದನ್ನು ಹೇಳಿ ಬರಬೇಕು ಅಷ್ಟೇ. ಬಸ್ಸು ಬರಲಿಲ್ಲ. ಎದುರಿನಿಂದ ಅವನ ಕಾರು ಬಂತು.

ನಮ್ಮ ಮನೆ ಮುಂದೆ ನಿಧಾನ ಮಾಡಿದವನು ರಸ್ತೆಯ ಈಚೆ ನಿಂತಿದ್ದ ನನ್ನನ್ನು ಕಂಡು ಗಾಜು ಇಳಿಸಿದ. ಒಂದು ಹುಬ್ಬು ಮೇಲೆ ಹೋಯಿತು.

"ಅಲ್ಲಿಂದ ಕ್ಯಾಂಪಸ್ಸಿಗೆ ಬಸ್ಸಿಲ್ಲ."

"ಗೊತ್ತು."

"ಮತ್ತೆ?"

"ನಿಮ್ಮ ಮನೆಗೆ ಹೊರಟಿದ್ದೆ. ನೀವ್ಯಾಕೆ ಇಲ್ಲಿ?"

"ನಿಮ್ಮನ್ನ ಬಿಡೋಕೆ," ಎಂದ. ಅಷ್ಟೇ ಹೇಳಿ ಪಕ್ಕದ ಬಾಗಿಲು ತೆರೆದ.

ರಸ್ತೆ ದಾಟಿ ಹತ್ತಿ ಕೂತೆ. ಸಿಗ್ನಲ್ಲಿನಲ್ಲಿ ಅವನು ನನ್ನ ಕೈ ನೋಡಿದ, ನಾನು ಅವನ ಮುಖವನ್ನೇ ನೋಡಿದೆ. ಅವನು ಕಣ್ಣು ತಪ್ಪಿಸಲಿಲ್ಲ. ಕ್ಯಾಂಪಸ್ಸಿನ ಗೇಟಿನ ಹೊರಗೆ ಜನರನ್ನು ಇಳಿಸಿ ಹೋಗುವವರಿಗೆಂದೇ ಒಂದು ಸಾಲಿದೆ. ಅಲ್ಲಿ ತಂದು ನಿಲ್ಲಿಸಿದ.

"ಇಳಿಸಿ ಹೋಗೋಕೆ ಪರ್ಮಿಟ್ ಬೇಡವಂತೆ," ಎಂದ. "ದಿನಾ ಬರಬಹುದು."

"ನಿಮ್ಮ ಕಾಲೇಜು ಇರೋದು ಆ ಕಡೆ."

"ಹೌದು. ನಿಮ್ಮನ್ನ ಬಿಟ್ಟು ವಾಪಸ್ ಹೋಗಬೇಕು."

"ಲೆಕ್ಕದ ಮೇಷ್ಟ್ರು ಮಾಡೋ ಕೆಲಸವಾ ಇದು?"

"ಲೆಕ್ಕ ಹಾಕಿದೆ. ಯಾವ ಕಡೆಯಿಂದ ನೋಡಿದ್ರೂ ನಷ್ಟವೇ," ಎಂದ. "ಅದಕ್ಕೇ ಬಂದೆ. ಒಂದು ಪೈಸೆ ಲಾಭ ಇದ್ದಿದ್ರೂ ಅದಕ್ಕೋಸ್ಕರ ಬಂದೆ ಅಂತ ನೀವು ಅಂದುಕೊಳ್ತಿದ್ರಿ. ನನಗೆ ನೀವು ಬೇಕು. ಮೊದಲಿಂದಲೂ ಬೇಕಾಗಿತ್ತು. ನಿಮಗೇ ಹೇಳಬೇಕಿತ್ತು, ಹೇಳೋಕೆ ಆಗಲಿಲ್ಲ."

ಅಳುತ್ತಾ ಕೂರುವ ಹೆಣ್ಣಲ್ಲ ನಾನು. ಹಿಂದೆ ಕಾರುಗಳು ಸಾಲುಗಟ್ಟಿದ್ದವು, ಯಾರೋ ಹಾರ್ನ್ ಹೊಡೆಯಲು ಶುರುಮಾಡಿದ್ದರು. ಅವನು ಗಾಬರಿಯಿಂದ ಗೇರಿಗೆ ಕೈ ಹಾಕಿದ. ಆ ಕೈಯ ಮೇಲೆ ನನ್ನ ಕೈ ಇಟ್ಟು ಹಾಗೇ ಹಿಡಿದುಕೊಂಡೆ.

"ಹೊಡೀಲಿ ಬಿಡಿ. ನಾನು ಕೇಳಬೇಕು ಅಂತ ಹೊರಟಿದ್ದನ್ನ ಇನ್ನೂ ಕೇಳಿಲ್ಲ," ಎಂದೆ. "ನನ್ನನ್ನ ಮದುವೆ ಆಗ್ತೀರಾ?"

ಹಿಂದಿನವನು ಹಾರ್ನಿನಿಂದ ಕೈಯನ್ನೇ ತೆಗೆಯಲಿಲ್ಲ. ಆ ಗದ್ದಲದಲ್ಲಿ ಅವನು ಏನಂದನೋ ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಎಂದೆ. ಅವನು ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ನನ್ನ ಕಡೆಗೆ ಪೂರ್ತಿ ತಿರುಗಿ ಕೂತು, ಸಾಲಿನಲ್ಲಿದ್ದ ಕೊನೆಯ ಕಾರಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದ.

"ಆಗ್ತೀನಿ."

ಆವತ್ತು ಹೊಸ ಕೆಲಸದ ಮೊದಲ ದಿನವೇ ಅವನು ತಡವಾಗಿ ಹೋದ. ನಾನೂ ತಡವಾಗಿಯೇ ಹೋದೆ, ಯಾಕೆಂದು ಕೇಳಿದವರಿಗೆಲ್ಲ ನಿಜವನ್ನೇ ಹೇಳಿದೆ.